ಕಾಕಾ ಬ್ಯಾಡ ಅಂದಾನ

ನಮ್ಮೂರ ಪಾಂಜರಪೋಳದ ಠರಾವು ಪುಸ್ತಕವನ್ನು ಹನ್ನೆರಡು ವರ್ಷ ನಾನೇ ಬರೆದೆ. ಅದರಲ್ಲಿ ಮೊದಲ ಮೂರು ವರ್ಷ ಬರೆದದ್ದು ಬಹುಪಾಲು ಸುಳ್ಳು. ಯಾರ ಕಿಸೆಗೂ ಕೈಹಾಕುವ ಸುಳ್ಳಲ್ಲ, ಮರ್ಯಾದಸ್ಥರ ಸುಳ್ಳು. ಸಭೆ ಸೇರುವ ಮೊದಲೇ ಸಭೆಯಲ್ಲಿ ಏನಾಯಿತು ಎಂದು ಬರೆದಿಡುವುದು ನಮ್ಮಲ್ಲಿ ಪದ್ಧತಿಯಾಗಿತ್ತು. ಪ್ರತಿ ಠರಾವೂ 'ಸರ್ವಾನುಮತದಿಂದ' ಎಂಬ ಮಾತಿನಿಂದ ಶುರುವಾಗುತ್ತಿತ್ತು. ಯಾರ ಮತವನ್ನೂ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅದು ಸರ್ವರ ಮತವಾಗಲು ಅಡ್ಡಿಯೇನೂ ಇರಲಿಲ್ಲ.

ಪಾಂಜರಪೋಳ ಅಂದರೆ ಮುದಿಯಾದ, ಕುಂಟಾದ, ಹಾಲು ಬತ್ತಿದ ದನ ಎಮ್ಮೆಗಳನ್ನು ಸಾಯುವವರೆಗೆ ಸಾಕುವ ಜಾಗ. ಕಸಾಯಿಗೆ ಹೋಗಬಾರದೆಂದು ನಮ್ಮ ಜೈನ ಮನೆತನದ ಹಿರಿಯರು ಯಾವ ಕಾಲದಲ್ಲೋ ಊರ ಹೊರಗೆ ಒಂದು ತುಂಡು ಹೊಲ ಬಿಟ್ಟುಕೊಟ್ಟು ಕಟ್ಟಿದ್ದು. ಕಬ್ಬಿನ ಹಂಗಾಮು ಮುಗಿದ ಕೂಡಲೇ ರಾಯಬಾಗ, ಚಿಕ್ಕೋಡಿ ಕಡೆಯಿಂದ ಹೆಗಲು ಕಿತ್ತುಹೋದ ಗಾಡಿ ಎತ್ತುಗಳು ಬರುತ್ತಿದ್ದವು. ನಿಪ್ಪಾಣಿಯ ತಂಬಾಕಿನ ಮೂಟೆ ಎಳೆದು ಸೋತವು ಬರುತ್ತಿದ್ದವು. ದಿಗ್ಗೇವಾಡಿಯಿಂದ ಒಮ್ಮೆ ಒಬ್ಬ ರೈತ ತನ್ನ ಕುರುಡು ಎಮ್ಮೆಯನ್ನು ಹೊಳೆ ದಾಟಿಸಿ ನಡೆಸಿಕೊಂಡು ಬಂದು, ಗೇಟಿನ ಹತ್ತಿರ ಹಗ್ಗ ನಮ್ಮ ಕೈಗಿಟ್ಟು, ತಿರುಗಿ ನೋಡದೆ ಹೋಗಿದ್ದ. ತಿರುಗಿ ನೋಡಿದರೆ ಅತ್ತುಬಿಡುತ್ತೇನೆಂಬ ಹೆದರಿಕೆ ಅವನಿಗೆ ಇತ್ತೆಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ನಾನು ಹುಟ್ಟಿದ್ದು ಬೋರಗಾಂವದಲ್ಲಿ. ನಮ್ಮ ಓಣಿಯಲ್ಲಿ ಮಗ್ಗದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಹೀಗಾಗಿ ನಾವೆಲ್ಲ ಗಂಟಲು ದೊಡ್ಡದು ಮಾಡಿಯೇ ಬೆಳೆದವರು. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಅಥಣಿ ಮತ್ತು ಕಾಗವಾಡದ ನಡುವಿನ ಈ ಊರಿಗೆ ಬಂದಾಗ ಇಲ್ಲಿನ ಮೌನಕ್ಕೆ ನನಗೆ ಕಿವಿ ನೋಯುತ್ತಿತ್ತು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವವರು, ಅದರಲ್ಲೂ ನಮ್ಮ ಮಾವನವರು. ಬಿಳಿ ಧೋತರ, ಕರಿ ಕೋಟು, ಟೋಪಿ, ಕೈಯಲ್ಲಿ ಛತ್ರಿ. ಕಬ್ಬು ದ್ರಾಕ್ಷಿ ಬೆಳೆವ ಹೊಲ ಎಷ್ಟೇ ಇದ್ದರೂ ಅವರ ಜೀವ ಪಾಂಜರಪೋಳದಲ್ಲಿತ್ತು. ಹದಿನೆಂಟು ವರ್ಷದಿಂದ ಅದರ ಚೇರ್ಮನ್ನರು ಅವರೇ.

ನಾನು ಮ್ಯಾಟ್ರಿಕ್ ಪಾಸು, ಅಕ್ಷರ ದುಂಡಗೆ. ಹಳೆಯ ಕಾರಕೂನರು ತೀರಿಕೊಂಡ ಮೇಲೆ ಮಾವನವರು ಕೆಂಪು ಬಟ್ಟೆಯಲ್ಲಿ ಸುತ್ತಿದ ಠರಾವು ಪುಸ್ತಕವನ್ನು ತಂದು ನನ್ನ ಮುಂದಿಟ್ಟರು.

"ತಂಗಿ, ನಿನ್ನ ಅಕ್ಷರ ಮುತ್ತಿನಂಗ ಅದಾವ. ಇದನ್ನ ನೀನ ಬರಿ. ಇನ್ನ ಮ್ಯಾಲ ನೀನೂ ಕಮಿಟ್ಯಾಗ ಮೆಂಬರು."

"ಮಾವಾರ, ಮೀಟಿಂಗದಾಗ ಹೆಣಮಕ್ಕಳು ಕುಂದರತಾರೇನ್ರಿ?"

"ದನದಾಗ ಅರ್ಧಕ್ಕಿಂತ ಹೆಚ್ಚು ಹೆಣ್ಣ ಅದಾವ. ಅವುಕೂ ಯಾರರೆ ಬೇಕಲ್ಲ" ಎಂದು ನಕ್ಕರು.

ಹೀಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಜಮಖಾನದ ಒಂದು ತುದಿಗೆ ನಾನು ಕೂತೆ. ಆ ಪುಸ್ತಕದ ಹಿಂದಿನ ಪುಟಗಳು ಮರಾಠಿ ಮೋಡಿ ಲಿಪಿಯಲ್ಲಿದ್ದವು, ಓದಲು ಬರುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ನಡುವಿನವು ಬಾಲಬೋಧ, ಅಂದರೆ ದೇವನಾಗರಿ ಲಿಪಿಯ ಮರಾಠಿ. ಆಮೇಲಿನವು ಕನ್ನಡ. ಸಭೆ ಮಾತ್ರ ಎರಡೂ ಭಾಷೆಯಲ್ಲಿ ನಡೆಯುತ್ತಿತ್ತು, ಅಂದರೆ ಮಳೆಯ ಬಗ್ಗೆ ಕನ್ನಡದಲ್ಲಿ, ಮಕ್ಕಳ ಮದುವೆಯ ಬಗ್ಗೆ ಮರಾಠಿಯಲ್ಲಿ. ದನಗಳ ವಿಷಯ ಚಹಾ ಬಂದ ಮೇಲೆ ನೆನಪಾಗುತ್ತಿತ್ತು. ಅಷ್ಟರಲ್ಲಿ ನಾನು ಹಿಂದಿನ ದಿನವೇ ಬರೆದಿಟ್ಟ ಠರಾವನ್ನು ಓದುತ್ತಿದ್ದೆ, ಎಲ್ಲರೂ ಹೂಂಗುಟ್ಟಿ ಸಹಿ ಮಾಡುತ್ತಿದ್ದರು. ಬರದವರ ಮನೆಗೆ ಪುಸ್ತಕವೇ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ನನಗೂ ಅದು ಸರಿಯೆಂದೇ ಕಾಣುತ್ತಿತ್ತು. ಒಳ್ಳೆಯ ಜನ ಸೇರಿ ಒಳ್ಳೆಯ ಕೆಲಸ ಮಾಡುವಾಗ ಕೇಳುವುದೇನಿದೆ ಎಂದುಕೊಂಡಿದ್ದೆ.

ಆ ಸಭೆಯಲ್ಲಿ ದನಗಳ ಬಗ್ಗೆ ನಿಜವಾಗಿ ಗೊತ್ತಿದ್ದ ಮನುಷ್ಯ ಒಬ್ಬನೇ, ಅವನು ಹೊಸ್ತಿಲ ಹೊರಗೆ ನಿಂತಿರುತ್ತಿದ್ದ. ಅವನನ್ನು ಸಣ್ಣವರು ದೊಡ್ಡವರು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಮೊದಲು ಸತ್ತಿ ಎಂಬ ಊರಿನ ಹೊಳೆ ದಂಡೆಯಲ್ಲಿ ಊರ ದನ ಕಾಯುತ್ತಿದ್ದವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಜೋಳದ ಕಣಿಕೆಯ ಬಣವೆ ಪಕ್ಕದ ಒಂದು ಖೋಲಿಯಲ್ಲಿ ಇರುತ್ತಿದ್ದ, ಬೇರೆ ಮನೆಯೆಂಬುದು ಅವನಿಗೆ ಇರಲಿಲ್ಲ. ಬೆಳಗಾಗುತ್ತಲೇ ಪ್ರತಿಯೊಂದು ದನದ ಎಡ ಪಕ್ಕೆಯ ಹಿಂದಿನ ತಗ್ಗಿನಲ್ಲಿ ಮುಷ್ಟಿ ಒತ್ತಿ, ಕಿವಿ ಹಚ್ಚಿ ಕೇಳುತ್ತಿದ್ದ. ಒಳಗೆ ಮೇವು ತಿರುಗುವ ಸದ್ದು ಬಂದರೆ ಮುಂದಿನದಕ್ಕೆ ಹೋಗುತ್ತಿದ್ದ. ಬರದಿದ್ದರೆ ಅಲ್ಲೇ ನಿಲ್ಲುತ್ತಿದ್ದ. ಹೀಗೆ ಮುಗಿಸಲು ಬಿಸಿಲೇರುವಷ್ಟು ಹೊತ್ತಾಗುತ್ತಿತ್ತು. ಮಾತು ಬಹಳ ಕಡಿಮೆ. ಸಭೆಯಲ್ಲಿ ಚೇರ್ಮನ್ನರು ಕತ್ತು ಚಾಚಿ "ಎಲ್ಲಾ ಬರೋಬ್ಬರಿ ಐತೇನೋ?" ಎಂದರೆ "ಹೌದ್ರಿ" ಎನ್ನುವುದಷ್ಟೇ ಅವನ ಪಾಲಿನ ಕಲಾಪ. ಬೇರೆ ಉತ್ತರವನ್ನು ಅವನಿಂದ ಯಾರೂ ಕೇಳಿರಲಿಲ್ಲ, ಕೇಳುವ ಮನಸ್ಸೂ ನಮಗಿರಲಿಲ್ಲ.

ನಮ್ಮಲ್ಲಿ ಇನ್ನೊಂದು ರೂಢಿ ಇತ್ತು. ಮಗುವಿನ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿ, ವ್ರತದ ಮುಕ್ತಾಯ, ಏನೇ ಇದ್ದರೂ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಪಾಂಜರಪೋಳಕ್ಕೆ ಹೋಗಿ ದನಗಳಿಗೆ ಕೈಯಾರೆ ತಿನ್ನಿಸಬೇಕು. ಬೆಲ್ಲ, ಹೋಳಿಗೆ, ಕಣಕದ ಉಂಡೆ. ನಾವು ಉಣ್ಣುವುದನ್ನೇ ಮೂಕ ಪ್ರಾಣಿಗೆ ಕೊಡಬೇಕು ಎಂಬ ಪ್ರೀತಿ. ಬರೀ ಹುಲ್ಲು ಒಯ್ದರೆ ಜಿಪುಣತನವೆಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಆ ಖರಖರ ನಾಲಿಗೆ ಅಂಗೈ ನೆಕ್ಕುವಾಗ ಆಗುವ ಸುಖ ಈಗಲೂ ನನ್ನ ಕೈಯಲ್ಲಿದೆ, ಸುಳ್ಳೇಕೆ ಹೇಳಲಿ. ಮರುದಿನ ಕಾಕಾ ಸೆಗಣಿ ಬಾಚುವಾಗ ಮುಖ ಗಂಟು ಹಾಕಿಕೊಂಡಿರುತ್ತಿದ್ದ. ಅವನ ಸ್ವಭಾವವೇ ಅಷ್ಟು ಎಂದುಕೊಂಡು ನಾವು ನಗುತ್ತಿದ್ದೆವು.

ಆ ವರ್ಷ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮಾವನವರು ಹತ್ತು ದಿನದ ಉಪವಾಸ ಹಿಡಿದರು. ಕಾಯಿಸಿ ಆರಿಸಿದ ನೀರು ಬಿಟ್ಟರೆ ಬೇರೇನೂ ಇಲ್ಲ. ದಿನ ಕಳೆದಂತೆ ಮುಖ ಸಣ್ಣದಾಗಿ ಕಣ್ಣು ದೊಡ್ಡದಾದವು. ಊರ ಮಂದಿ ಬಂದು ನಮಸ್ಕರಿಸಿ ಹೋಗುತ್ತಿದ್ದರು. ಅತ್ತೆ ಹೆಮ್ಮೆಗೂ ಭಯಕ್ಕೂ ನಡುವೆ ಓಡಾಡುತ್ತಿದ್ದರು. ಪಾರಣೆಯ ದಿನ, ಅಂದರೆ ಉಪವಾಸ ಬಿಡುವ ದಿನ, ಮಾವನವರು ಬಾಯಿಗೆ ಏನನ್ನೂ ಇಡುವ ಮೊದಲು ಪಾಂಜರಪೋಳದ ಎಲ್ಲ ದನಗಳಿಗೆ ಗೋಧಿ ಹುಗ್ಗಿ ಉಣ್ಣಿಸಬೇಕೆಂದು ಅತ್ತೆ ಸಂಕಲ್ಪ ಮಾಡಿದರು. ಮದುವೆ ಮನೆಯ ಕೊಪ್ಪರಿಗೆ ಅಟ್ಟದಿಂದ ಇಳಿದವು. ಗೋಧಿ ಕುಟ್ಟಲು ಓಣಿಯ ಹೆಂಗಸರೆಲ್ಲ ಸೇರಿದರು.

ಎರಡು ದಿನ ಮುಂಚೆ ನಾನು ಒಲೆಯ ಜಾಗ ನೋಡಲು ಪಾಂಜರಪೋಳಕ್ಕೆ ಹೋಗಿದ್ದೆ. ಕಾಕಾ ಹಗ್ಗ ಹೊಸೆಯುತ್ತ ಕೂತಿದ್ದವನು ಎದ್ದು ನಿಂತ. ಅಷ್ಟು ದಿನದಲ್ಲಿ ಅವನಾಗಿಯೇ ನನ್ನೊಡನೆ ಮಾತು ತೆಗೆದದ್ದು ಅದೇ ಮೊದಲು.

"ವೈನಿಯಾರ, ಒಂದ ಮಾತ ಹೇಳಲೇನ್ರಿ?"

"ಹೇಳೋ ಕಾಕಾ."

"ಹುಗ್ಗಿ ಬ್ಯಾಡ್ರಿ. ಒಂದ ತುತ್ತ ಆದ್ರ ನಡೀತೈತಿ. ಮಂದಿ ಒಂದ ತುತ್ತಿಗೆ ನಿಂದ್ರೂದಿಲ್ಲ. ಇವು ಮುದಿ ಹೊಟ್ಟಿ. ತಡಕೋಳೂದಿಲ್ಲ."

"ನಾ ಹೆಂಗ ಹೇಳಲೋ? ಮಾವಾರು ಉಪಾಸ ಅದಾರ. ಅತ್ಯಾರು ಬೇಡಿಕೊಂಡಾರ."

ಅವನು ಹೊಸೆಯುತ್ತಿದ್ದ ಹಗ್ಗದ ತುದಿಗೆ ಒಂದು ಗಂಟು ಹಾಕಿದ. "ನೀವು ಪುಸ್ತಕದಾಗ ಬರೀತೀರಲ್ಲರಿ. ಅದರಾಗ ಒಂದ ಸಾಲ ಬರೀರಿ. ಕಾಕಾ ಬ್ಯಾಡ ಅಂದಾನ, ಅಂತ."

ನನಗೆ ನಗು ಬಂತು. "ಮೀಟಿಂಗ ಇಲ್ಲದ ಬರ್ಯಾಕ ಬರೂದಿಲ್ಲೋ" ಎಂದೆ. ಪ್ರತಿ ಸಲ ಮೀಟಿಂಗಿಗೆ ಮುಂಚೆಯೇ ಬರೆಯುತ್ತಿದ್ದವಳು ನಾನು! ಆಗ ಆ ಮಾತು ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲೂ ಇಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅತ್ತೆಯ ಅಂಜಿಕೆ ಒಂದು ಪಾಲು. ಇನ್ನೊಂದು ಪಾಲು, ದನ ಕಾಯುವವನ ಮಾತನ್ನು ಹೊತ್ತುಕೊಂಡು ಹೋಗಿ ಚೇರ್ಮನ್ನರ ಮುಂದಿಡುವುದು ಸೊಸೆಗೆ ಶೋಭಿಸುವ ಕೆಲಸವಲ್ಲ ಎಂಬ ಸೊಕ್ಕು. ಆ ಸೊಕ್ಕಿನ ಪಾಲೇ ದೊಡ್ಡದು.

ಪಾರಣೆಯ ದಿನ ಸೂರ್ಯ ಹುಟ್ಟಿದ ಮೇಲೆ ಒಲೆ ಹೊತ್ತಿಸಿದೆವು. ಹುಗ್ಗಿಯನ್ನು ನಾನೇ ತಿರುವಿದೆ. ಗೋಧಿ, ಬೆಲ್ಲ, ಮೇಲೆ ತುಪ್ಪ. ಆರಲು ಪರಾತದಲ್ಲಿ ಹರವಿದರೆ ಇಡೀ ಹೊಲಕ್ಕೆ ಘಮ. ಮಾವನವರನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ಮೊದಲ ತುತ್ತನ್ನು ತಮ್ಮ ಮನೆಯ ಹಳೆಯ ಖಿಲಾರಿ ಎತ್ತಿಗೆ ಇಟ್ಟರು. ಅದರ ಒಂದು ಕೊಂಬು ಅರ್ಧಕ್ಕೆ ಮುರಿದಿತ್ತು. ಹದಿನಾಲ್ಕು ಹಂಗಾಮು ಅವರ ಕಬ್ಬಿನ ಗಾಡಿ ಎಳೆದ ಜೀವ ಅದು. ಮಾವನವರ ಕಣ್ಣಲ್ಲಿ ನೀರು, ಸುತ್ತ ನಿಂತವರ ಕಣ್ಣಲ್ಲೂ ನೀರು. ಆಮೇಲೆ ಊರಿಗೆ ಊರೇ ಮುಗಿಬಿತ್ತು. ಒಬ್ಬರು ಕೊಟ್ಟ ದನಕ್ಕೆ ಇನ್ನೊಬ್ಬರು, ಅವರು ಕೊಟ್ಟದ್ದಕ್ಕೆ ಮತ್ತೊಬ್ಬರು. ಗೋದಲಿಯಲ್ಲಿ ಹಾಕಿದ ಹುಲ್ಲಿನ ಮೇಲೂ ಹುಗ್ಗಿ ಸುರಿದರು. ಕಾಕಾ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಾಡುತ್ತ "ಸಾಕ್ರಿ, ಸಾಕ್ರಿ" ಎನ್ನುತ್ತಿದ್ದ. ಅವನನ್ನು ಯಾರೋ ಮೊಣಕೈಯಿಂದ ಬದಿಗೆ ಸರಿಸಿದರು. ಆ ದಿನದಷ್ಟು ಸಂತೋಷವನ್ನು ನಾನು ಆ ಅಂಗಳದಲ್ಲಿ ಮತ್ತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಹೇಳಿಕಳಿಸಿದ. ನಾವು ಹೋಗುವಷ್ಟರಲ್ಲಿ ಏಳೆಂಟು ದನ ನೆಲ ಹಿಡಿದಿದ್ದವು. ಎಡ ಪಕ್ಕೆ ಉಬ್ಬಿ ನಿಂತಿತ್ತು, ಹಲ್ಲು ಕಡಿಯುತ್ತಿದ್ದವು, ಹುಳಿ ವಾಸನೆ. ಕಾಕಾ ಬಿದಿರಿನ ಗೊಟ್ಟದಲ್ಲಿ ತಿನ್ನುವ ಸೋಡಾ ಕಲಸಿದ ನೀರನ್ನು ಒಂದೊಂದರ ಗಂಟಲಿಗೂ ಇಳಿಸುತ್ತಿದ್ದ. ಮಧ್ಯಾಹ್ನ ಅಥಣಿಯಿಂದ ದನದ ಡಾಕ್ಟರರು ಮೋಟರ್ ಸೈಕಲ್ಲಿನ ಮೇಲೆ ಬಂದರು. ಪಕ್ಕೆ ಒತ್ತಿ ನೋಡಿ, "ಬರೀ ಹುಲ್ಲ ತಿನ್ನೂ ಹೊಟ್ಟಿಗೆ ಒಮ್ಮಿಗೆಲೇ ಕಾಳು, ಬೆಲ್ಲ ಬಿದ್ರ ಒಳಗ ಎಲ್ಲಾ ಹುಳಿ ಆಗತೈತ್ರಿ. ಯಾರ ಕೊಟ್ರು ಇಷ್ಟು?" ಎಂದರು. ಉತ್ತರ ಕೊಡಬೇಕಾದ ಮಾವನವರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು, ಅವರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಸಂಜೆಯೊಳಗೆ ಎರಡು ಆಕಳು ಹೋದವು. ಅವುಗಳ ಹಿಂದೆಯೇ ಮುರಿದ ಕೊಂಬಿನ ಎತ್ತೂ ಹೋಯಿತು. ಅದರ ತಲೆ ಕಾಕಾನ ತೊಡೆಯ ಮೇಲಿತ್ತು.

ಮಾವನವರು ಮನೆಗೆ ಬಂದವರು ಮತ್ತೆ ಊಟ ಬಿಟ್ಟರು. ಈ ಸಲ ವ್ರತವಿರಲಿಲ್ಲ. ನಡೆಯುವಾಗ ಇರುವೆ ತುಳಿಯಬಾರದೆಂದು ನೆಲ ನೋಡಿಕೊಂಡು ಹೆಜ್ಜೆ ಇಡುತ್ತಿದ್ದವರು ಅವರು. ಮೂರು ಜೀವ ತಮ್ಮ ಕೈಯ ತುತ್ತಿನಿಂದ ಹೋದವಲ್ಲ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ಗೋಡೆಗೆ ಮುಖ ಮಾಡಿ ಮಲಗಿದರು.

ಅವರ ಸ್ಥಿತಿ ನೋಡಲಾರದೆ ಕಮಿಟಿಯವರು ತಾವೇ ಒಂದು ದಾರಿ ಹುಡುಕಿದರು. ಉಪಾಧ್ಯಕ್ಷರು ದ್ರಾಕ್ಷಿ ತೋಟದವರು, ಮಾವನವರ ಬಾಲ್ಯದ ಗೆಳೆಯರು, ನಮಗೆಲ್ಲ ದ್ರಾಕ್ಷಿ ಅಣ್ಣಾ. ಒಂದು ಚೀಟಿ ಹಿಡಿದು ನಮ್ಮ ಪಡಸಾಲೆಗೆ ಬಂದರು.

"ತಂಗಿ, ಇದನ್ನ ಪುಸ್ತಕದಾಗ ಚೆಂದಂಗ ಬರದಿಡು. ನಾಳೆ ಮೀಟಿಂಗ ಮಾಡಿ ಮುಗಸೂಣು."

ಚೀಟಿಯಲ್ಲಿ ಹೀಗಿತ್ತು: ಕಾಯುವವನು ಹಿಂದಿನ ದಿನ ಕೊಳೆತ ಮೇವು ಹಾಕಿದ್ದರಿಂದ, ಆಮೇಲೆ ನಿಗಾ ಇಡದೆ ಹೋದದ್ದರಿಂದ ಮೂರು ಪ್ರಾಣಿಗಳು ಸತ್ತಿವೆ. ಅವನನ್ನು ಸರ್ವಾನುಮತದಿಂದ ಕೆಲಸದಿಂದ ತೆಗೆಯಲಾಗಿದೆ. ಖೋಲಿಯನ್ನು ಎಂಟು ದಿನದಲ್ಲಿ ಖಾಲಿ ಮಾಡತಕ್ಕದ್ದು.

"ಅಣ್ಣಾರ, ಕೊಳತ ಮೇವು ಎಲ್ಲಿತ್ರಿ?"

"ಇತ್ತೋ ಇಲ್ಲೋ. ನಿಮ್ಮ ಮಾವ ಉಳೀಬೇಕೋ ಬ್ಯಾಡೋ? ಊರಾಗ ಅವನ ಹೆಸರು ತಗದ್ರ ಅಂವ ಜೀವಾ ಇಟಗೋಳೂದಿಲ್ಲ. ಕಾಕಾಗ ಎಲ್ಲಿ ಬೇಕಾದಲ್ಲಿ ದನಾ ಸಿಗತಾವ."

ದ್ರಾಕ್ಷಿ ಅಣ್ಣಾ ಕೆಟ್ಟವರಾಗಿರಲಿಲ್ಲ. ಗೆಳೆಯನನ್ನು ಉಳಿಸಲು ಹೊರಟಿದ್ದರು. ಇದೇ ನಮ್ಮ ಕಮಿಟಿಯ ರೋಗವಾಗಿತ್ತು ಎಂದು ಈಗ ತಿಳಿಯುತ್ತದೆ. ನಾವೆಲ್ಲ ಒಬ್ಬರಿಗೊಬ್ಬರು ಬೀಗರು, ಗೆಳೆಯರು, ಹೊಲದ ನೆರೆಯವರು. ಒಬ್ಬರ ಮುಖ ಉಳಿಸಲು ಇನ್ನೊಬ್ಬರು ಮುಂದಾಗುತ್ತಿದ್ದೆವು. ಕಾಕಾ ಯಾರ ಬೀಗನೂ ಅಲ್ಲ, ದನಗಳಂತೂ ಅಲ್ಲವೇ ಅಲ್ಲ.

ನಾನು ಬರೆದೆ. ಇದನ್ನು ಮುಚ್ಚಿಟ್ಟರೆ ಈ ಬರವಣಿಗೆಗೇ ಅರ್ಥವಿಲ್ಲ. ದುಂಡಗಿನ ಅಕ್ಷರದಲ್ಲಿ, ಒಂದು ಕಾಟೂ ಇಲ್ಲದೆ ಬರೆದೆ.

ಮರುದಿನ ಆಫೀಸಿನ ಖೋಲಿಯಲ್ಲಿ ಎಲ್ಲರೂ ಸೇರಿದರು. ಯಾರೂ ಮಳೆಯ ಮಾತಾಡಲಿಲ್ಲ. ಮಾವನವರು ಕೋಲೂರಿಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಏನು ಠರಾವೆಂಬುದು ಅವರಿಗೆ ಗೊತ್ತಿರಲಿಲ್ಲ, ಅವರಿಗೆ ಹೇಳಬಾರದೆಂದು ಎಲ್ಲರೂ ಮಾತಾಡಿಕೊಂಡಿದ್ದರು. ಕಾಕಾ ಎಂದಿನಂತೆ ಹೊಸ್ತಿಲಾಚೆ ನಿಂತಿದ್ದ. ಅವನ ಅಂಗಿಯ ಮೇಲೆ ಸೋಡಾದ ಬಿಳಿ ಕಲೆಗಳಿದ್ದವು, ಉಳಿದ ದನಗಳಿಗೆ ಗೊಟ್ಟ ಹಾಕುತ್ತಿದ್ದವನನ್ನು ಹಾಗೆಯೇ ಕರೆಸಿದ್ದರು.

ಓದು ಎಂದರು. ಓದತೊಡಗಿದೆ. 'ಕೊಳೆತ ಮೇವು' ಎಂಬಲ್ಲಿ ಕಣ್ಣೆತ್ತಿ ನೋಡಿದರೆ ಕಾಕಾ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಪುಸ್ತಕದಲ್ಲಿ ಬರೆದದ್ದು ನಿಜವಿರುತ್ತದೆ ಎಂದು ನಂಬಿದ್ದವನು, ಹಾಗಾದರೆ ತಾನೇ ಎಲ್ಲಾದರೂ ಕೊಳೆತದ್ದು ಹಾಕಿದೆನೇ ಎಂದು ನೆನಪಿಸಿಕೊಳ್ಳುತ್ತಿದ್ದ. ಅದನ್ನು ನನಗೆ ತಡೆಯಲಾಗಲಿಲ್ಲ. 'ಸರ್ವಾನುಮತದಿಂದ' ಎಂಬ ಮಾತಿನವರೆಗೆ ಹೇಗೋ ಬಂದೆ. ಅಲ್ಲಿ ನಾಲಿಗೆ ನಿಂತಿತು.

"ಮುಂದ ಓದು" ಎಂದರು ದ್ರಾಕ್ಷಿ ಅಣ್ಣಾ.

"ಇದು ಸುಳ್ಳರಿ" ಎಂದೆ. ಮಗ್ಗದ ಓಣಿಯ ಗಂಟಲು ಅದು, ಹೊರಗಿನ ಬೇವಿನ ಮರದಲ್ಲಿದ್ದ ಕಾಗೆಗಳು ಎದ್ದವು. "ಕಾಕಾ ಎರಡ ದಿನಾ ಮೊದಲ ನನಗ ಹೇಳಿದ್ದರಿ, ಹುಗ್ಗಿ ಬ್ಯಾಡ ಅಂತ. ನಾ ಮನ್ಯಾಗ ಹೇಳಲಿಲ್ಲ. ತಪ್ಪು ನಂದ ಐತಿ. ಹುಗ್ಗಿ ನಮ್ಮನೀದು. ಕೊಳತ ಮೇವು ಇರಲಿಲ್ಲ."

ಮಾವನವರು ನಿಧಾನವಾಗಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇದು ನಮ್ಮನೀ ಮಾತು ಆತು" ಎಂದರು. "ನಮ್ಮನೀ ನ್ಯಾಯಕ್ಕ ನಾನ ಪಂಚ ಆಗಿ ಕುಂದರೂದು ಬರೋಬ್ಬರಿ ಅಲ್ಲ. ತಂಗಿ ಮನೀ ಸೊಸಿ, ಆಕೀ ಬರದ್ರ ಬರೀಲಿ, ಕೈ ಎತ್ತೂದು ಬ್ಯಾಡ." ಎದ್ದರು. ಎಲ್ಲರೂ "ಕುಂದರ್ರಿ, ಕುಂದರ್ರಿ" ಎನ್ನುತ್ತಿರುವಾಗಲೇ ಹೊಸ್ತಿಲು ದಾಟಿ ಕಾಕಾನ ಎದುರು ನಿಂತರು. "ನೀ ಒಳಗ ಹೋಗು. ಏನ ನೋಡೀದಿ ಎಲ್ಲಾ ಹೇಳು. ನನ್ನ ಮಾರಿ ನೋಡಬ್ಯಾಡ."

"ಸಾವಕಾರ್ರ, ನಾ ಒಳಗ ಹೆಂಗ ಬರಲ್ರಿ, ಕಾಲೆಲ್ಲಾ ಸಗಣಿ ಆಗೈತಿ."

"ಹಂಗ ಹೋಗು."

ಕಾಕಾ ಒಳಗೆ ಬಂದು ಜಮಖಾನದ ಆಚೆ ಬರಿ ನೆಲದ ಮೇಲೆ ಕೂತ. ಅವನು ದಿನಾ ನಿಲ್ಲುವ ಜಾಗದಲ್ಲಿ ಮಾವನವರು ಬಿಸಿಲಿಗೆ ನಿಂತರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಕುರ್ಚಿ ಖಾಲಿಯಿತ್ತು.

ಕಾಕಾ ಮಾತಾಡಿದ. ಮೊದಲು ತಡವರಿಸಿದ, ಆಮೇಲೆ ನಿಲ್ಲಲಿಲ್ಲ. ಯಾವ ಹಬ್ಬದ ಮರುದಿನ ಯಾವ ದನ ಮೇವು ಬಿಟ್ಟಿತು, ಯಾರ ಮನೆಯ ಹೋಳಿಗೆ ತಿಂದು ಯಾವ ಆಕಳು ಮಲಗಿತು, ಎಷ್ಟು ಸಲ ತಾನೊಬ್ಬನೇ ಗೊಟ್ಟ ಹಾಕಿ ಎಬ್ಬಿಸಿದ್ದ, ಎಲ್ಲ ಹೇಳಿದ. ಅವನಿಗೆ ಪುಸ್ತಕ ಬೇಕಾಗಿರಲಿಲ್ಲ. ಕೂತವರಲ್ಲಿ ಪ್ರತಿಯೊಬ್ಬರ ಮನೆಯ ಹೆಸರೂ ಬಂತು. ಪ್ರತಿ ಹೆಸರಿನ ಹಿಂದೆ ಕೈ ಮುಗಿದು "ಪ್ರೀತಿಲೇನ ಕೊಟ್ಟೀರಿ, ಇಲ್ಲಂತ ಅನ್ನೂದಿಲ್ಲ" ಎನ್ನುತ್ತಿದ್ದ. ಮೊದಲು ಯಾಕೆ ಹೇಳಲಿಲ್ಲ ಎಂದು ಯಾರೋ ಗದರಿದರು. "ನೀವು ಬರೋಬ್ಬರಿ ಐತೇನು ಅಂತ ಕೇಳತಿದ್ರಿ. ಏನ ಆಗೈತಿ ಅಂತ ಕೇಳಲಿಲ್ಲರಿ" ಎಂದ.

ಆ ದಿನ ಚಹಾ ಆರಿಹೋಯಿತು, ಯಾರೂ ಮುಟ್ಟಲಿಲ್ಲ. ಜಗಳವೂ ಆಯಿತು. ಕೊನೆಗೆ ಕಾಕಾ ಇರಬೇಕೆಂದು ಬಹಳ ಜನ ಕೈ ಎತ್ತಿದರು. ಇನ್ನು ಮೇಲೆ ಅವನನ್ನು ಕೇಳದೆ ಯಾವ ಪ್ರಾಣಿಗೂ ಯಾರೂ ಏನನ್ನೂ ತಿನ್ನಿಸಬಾರದು, ಚೇರ್ಮನ್ನರೂ ತಿನ್ನಿಸಬಾರದು ಎಂದಾಯಿತು. ಸಭೆಗೆ ಅವನು ಒಳಗೆ ಬಂದು ಕೂರಬೇಕು ಎಂದೂ ಆಯಿತು. ದ್ರಾಕ್ಷಿ ಅಣ್ಣಾ ಮಾತ್ರ ಕೈ ಎತ್ತಲಿಲ್ಲ. "ದಾನಾ ಕೊಡೂ ಕೈನ ತಡದ್ರ ನಾಳೆ ಯಾರ ಬರತಾರ? ನಂದು ವಿರೋಧ ಐತಿ. ಹಂಗಂತ ಬರಿ" ಎಂದರು. ನಾನು ಹಳೆಯ ಠರಾವಿನ ಮೇಲೆ ಅಡ್ಡ ಗೆರೆ ಎಳೆದೆ. ಆ ಪುಸ್ತಕದಲ್ಲಿ ನಾನು ಹಾಕಿದ ಮೊದಲ ಕಾಟು. ಕೆಳಗೆ ಬರೆದೆ: ಹುಗ್ಗಿ ಬೇಡವೆಂದು ಕಾಕಾ ಎರಡು ದಿನ ಮೊದಲೇ ಹೇಳಿದ್ದನು. ಆಮೇಲೆ ಠರಾವು, ಅದರ ಕೆಳಗೆ ಒಬ್ಬರ ವಿರೋಧ. ಗೀಚು ಬರವಣಿಗೆ, ನೋಡಲು ಚೆನ್ನಾಗಿರಲಿಲ್ಲ.

ಅತ್ತೆ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು. ಮನೆಯ ಮಾನ ಪಂಚರ ಮುಂದೆ ಇಟ್ಟವಳು ಎಂದು ಓಣಿಯಲ್ಲಿ ನನಗೆ ಹೆಸರು ಬಂತು. ಮಾವನವರು ಮಾತ್ರ ಸಭೆಯ ದಿನವೇ ಸಂಜೆ ಸೂರ್ಯ ಮುಳುಗುವ ಮೊದಲು "ತಂಗಿ, ಎರಡ ಭಕ್ಕರಿ ಹಾಕು" ಎಂದರು. ನಾನು ಒಲೆಯ ಮುಂದೆ ಕೂತು ಜೋಳದ ಭಕ್ಕರಿ ಬಡಿಯುತ್ತ ಬಿಕ್ಕಿ ಬಿಕ್ಕಿ ಅತ್ತೆ. ಮುಂದಿನ ವರ್ಷ ಅವರು ತಾವಾಗಿಯೇ ಚೇರ್ಮನ್ನಗಿರಿ ಬಿಟ್ಟು, ಒಬ್ಬರು ಮೂರು ವರ್ಷಕ್ಕಿಂತ ಹೆಚ್ಚು ಕೂರಬಾರದೆಂದು ಬರೆಯಿಸಿದರು. ಮೊದಲ ಸರದಿ ದ್ರಾಕ್ಷಿ ಅಣ್ಣಾರಿಗೇ ಬಂತು. ವಿರೋಧ ಬರೆಸಿದ ಮನುಷ್ಯ ಕಾಕಾನನ್ನು ಕೇಳಬೇಕೆಂಬ ನಿಯಮ ಕಾಯ್ದಷ್ಟು ಕಟ್ಟುನಿಟ್ಟಾಗಿ ಇನ್ಯಾರೂ ಕಾಯಲಿಲ್ಲ. ನಿಪ್ಪಾಣಿಯ ದೊಡ್ಡ ವ್ಯಾಪಾರಿಯೊಬ್ಬರು ಬೆಲ್ಲದ ಪೆಂಟೆ, ಫೋಟೋದವನು ಸಮೇತ ಬಂದಾಗ ಗೇಟಿಗೆ ಅಡ್ಡ ನಿಂತು, "ಆಧೀ ಕಾಕಾಲಾ ವಿಚಾರಾ" ಎಂದು ಮರಾಠಿಯಲ್ಲಿ ಹೇಳಿದರು. ಮೊದಲು ಕಾಕಾನನ್ನು ಕೇಳಿ ಎಂದು. ಅಷ್ಟಕ್ಕೇ ತೃಪ್ತಿಯಾಗದೆ ಅದೇ ಮಾತನ್ನು ಎರಡೂ ಭಾಷೆಯಲ್ಲಿ ಗೇಟಿನ ಮೇಲೆ ಬರೆಯಿಸಿದರು. ದಾನವೇನೂ ನಿಲ್ಲಲಿಲ್ಲ. ಬುಟ್ಟಿಯಲ್ಲಿ ಹೋಳಿಗೆಯ ಬದಲು ಹಸಿ ಹುಲ್ಲು, ಕಬ್ಬಿನ ಸೋಗೆ ಬರತೊಡಗಿದವು.

ಮಾವನವರಿಗೆ ಆಮೇಲೆ ಒಂದು ಅಭ್ಯಾಸವಾಯಿತು. ತೊಂಬತ್ತರ ದಶಕದಲ್ಲಿ, ವಯಸ್ಸಾಗಿ ಹೊಲಕ್ಕೆ ಹೋಗುವುದು ನಿಂತ ಮೇಲೆ, ದಿನಾ ಸಂಜೆ ತಮ್ಮ ಊಟದಲ್ಲಿ ಒಂದು ಭಕ್ಕರಿಯ ಚೂರು ಉಳಿಸಿ ಕೋಟಿನ ಕಿಸೆಗೆ ಹಾಕಿಕೊಂಡು ಪಾಂಜರಪೋಳಕ್ಕೆ ಹೋಗುವರು. ದಿಗ್ಗೇವಾಡಿಯಿಂದ ಬಂದ ಕುರುಡು ಎಮ್ಮೆ ಅವರ ಕೆಮ್ಮು ಕೇಳಿ ಕತ್ತು ಹೊರಳಿಸುತ್ತಿತ್ತು. ಗೇಟಿನಲ್ಲಿ ನಿಂತು ಕೇಳುವರು:

"ಏನಪಾ, ಇವತ್ತ ಕೊಡಲೇನು?"

ಕಾಕಾ ಎಮ್ಮೆಯ ಪಕ್ಕೆ ಒತ್ತಿ ನೋಡಿ ಒಂದು ದಿನ "ಕೊಡ್ರಿ" ಎನ್ನುತ್ತಿದ್ದ. ಇನ್ನೊಂದು ದಿನ "ಇವತ್ತ ಬ್ಯಾಡ್ರಿ ಸಾವಕಾರ್ರ" ಎನ್ನುತ್ತಿದ್ದ. ಬೇಡವೆಂದ ದಿನ ಚೂರನ್ನು ಮತ್ತೆ ಕಿಸೆಗೆ ಹಾಕಿಕೊಂಡು, ಎಮ್ಮೆಯ ಹಣೆ ತುರಿಸಿ, ಬೇವಿನ ಕಟ್ಟೆಯ ಮೇಲೆ ಇಬ್ಬರೂ ಕೂತು ಹಿಂದಿನ ಕಾಲದ ಎತ್ತುಗಳ ಮಾತಾಡುವರು. ನಾನು ಕರೆಯಲು ಹೋದಾಗ ಆ ಇಬ್ಬರು ಮುದುಕರ ಬೆನ್ನು ನೋಡಿ ಸ್ವಲ್ಪ ಹೊತ್ತು ಕರೆಯದೆ ನಿಲ್ಲುತ್ತಿದ್ದೆ. ಆ ಸಂಜೆಗಳ ಧೂಳು, ಕಣಿಕೆಯ ವಾಸನೆ, ಎಮ್ಮೆ ಮೆಲುಕು ಹಾಕುವ ಸದ್ದು ನೆನೆದರೆ ಈಗಲೂ ನನ್ನ ಎದೆ ತುಂಬಿಬರುತ್ತದೆ.

ಒಂದು ಮಾಘದಲ್ಲಿ ಮಾವನವರು ಹೋದರು. ಎರಡು ದಿನದ ಜ್ವರ, ಅಷ್ಟೇ. ಸೂತಕದ ದಿನಗಳೆಲ್ಲ ಕಳೆದ ಮೇಲೆ ಅವರ ಬಟ್ಟೆ ಯಾರಿಗಾದರೂ ಕೊಡಬೇಕೆಂದು ಮಡಚುತ್ತಿರುವಾಗ ಕರಿ ಕೋಟಿನ ಕಿಸೆಯಲ್ಲಿ ಕೈಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಕೊನೆಯ ಸಲ ಹೋದಾಗ ಕಾಕಾ ಬೇಡವೆಂದಿದ್ದ ಭಕ್ಕರಿಯ ಚೂರು. ಒಣಗಿ ಹೆಂಚಿನಂತಾಗಿತ್ತು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಲ್ಲೇ ಪಾಂಜರಪೋಳಕ್ಕೆ ನಡೆದೆ. ಅಷ್ಟು ಹೊತ್ತಿಗೆ ನಾನೇ ಅಲ್ಲಿಯ ಅಧ್ಯಕ್ಷೆ, ನನ್ನ ಸರದಿ ನಡೆದಿತ್ತು. ಆದರೂ ಗೇಟಿನಲ್ಲಿ ನಿಂತೆ.

"ಕಾಕಾ, ಇದು ಮಾವಾರ ಕಿಸೆದಾಗಿತ್ತು. ಅವರು ಎಮ್ಮಿಗೆ ತಂದದ್ದು. ಇವತ್ತರೆ ಕೊಡಲೇನೋ?"

ಅವನು ಚೂರನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಕಣ್ಣಿಗೆ ಒತ್ತಿಕೊಂಡ. ಆಮೇಲೆ ಮೂಸಿದ. ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ, ಒಂದು ಅಂಚಿನಲ್ಲಿ ಹಸಿರು ಕಲೆಯಿತ್ತು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬೂಷ್ಟ ಹಿಡದೈತ್ರಿ ವೈನಿಯಾರ" ಎಂದ. "ಬ್ಯಾಡ್ರಿ."

ಕುರುಡು ಎಮ್ಮೆ ನಮ್ಮ ಕಡೆ ಕತ್ತು ಹೊರಳಿಸಿ ಕೆಮ್ಮಿಗಾಗಿ ಕಾಯುತ್ತಿತ್ತು. ನಾನು ಚೂರನ್ನು ತಿರುಗಿ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡೆ. ಎರಡನೇ ಸಲ ಕೇಳಲಿಲ್ಲ.